ಮುಕ್ತ ಗಣಕವ್ಯವಸ್ಥೆಯಲ್ಲಿ ಹಳೆಯ ಯಂತ್ರಗಳ ಪರಿತ್ಯಾಗ

ಐಹೊಳೆಯ ಮೇಗುಟಿ ಗುಡ್ಡದ ಮೇಲಣ ಜಿನಾಲಯದ ಪೂರ್ವದ ಗೋಡೆಯಲ್ಲಿರುವ ರವಿಕೀರ್ತಿಯ ಪ್ರಶಸ್ತಿಯು ಕರ್ಣಾಟಕದ ಇತಿಹಾಸವನ್ನೂ ಸಂಸ್ಕೃತ ಕವಿಗಳ ಕಾಲನಿರ್ಣಯವನ್ನೂ ವ್ಯಾಸಂಗಮಾಡಿದವರಿಗೆಲ್ಲ ಪರಿಚಿತವಾದುದು. ಇಮ್ಮಡಿ ಪುಲಕೇಶಿಯ ದಿಗ್ವಿಜಯಕ್ಕೂ ಕಾಳಿದಾಸ ಭಾರವಿಗಳ ಕಾಲದ ಕೆಳಗಣ ಎಲ್ಲೆಗೂ ಅದೇ ಪ್ರಮಾಣ. ಆ ಶಾಸನವು ರಚಿತವಾದಾಗ ಅದರ ಲಿಪಿಯನ್ನು ಓದಬಲ್ಲವರು ಆ ಊರಿನಲ್ಲಿಯೇ ಇದ್ದರು. ಅನಂತರ ಲಿಪಿಯು ಮೆಲ್ಲಮೆಲ್ಲನೆ ಮಾರ್ಪಟ್ಟು, ಗುಡ್ಡವನ್ನು ಹತ್ತಿದವರಿಗೆ ಗೋಡೆಯ ಮೇಲಣ ಸಾಲುಗಳು ಬರಿಯ ಗೆರೆಗಳಾಗಿ ಕಾಣುವ ಕಾಲವೂ ಬಂದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲೀಟರೂ, ಅನಂತರ ಎಪಿಗ್ರಾಫಿಯಾ ಇಂಡಿಕಾದ ಆರನೆಯ ಸಂಪುಟದಲ್ಲಿ ಕೀಲ್‌ಹಾರ್ನರೂ ಅದನ್ನು ಪರಿಷ್ಕರಿಸಿ ಪ್ರಕಟಿಸಿದ ಮೇಲೆ ಅದು ಮತ್ತೆ ವಿದ್ವಾಂಸರ ಸ್ವತ್ತಾಯಿತು. ಕಲ್ಲು ಅಳಿದಿರಲಿಲ್ಲ, ಅಕ್ಷರವೂ ಅಳಿದಿರಲಿಲ್ಲ. ಓದುವವರ ಪರಂಪರೆಯೊಂದು ಮಾತ್ರ ಕಡಿದಿದ್ದಿತು.

ಇಂದಿನ ಗಣಕಯಂತ್ರಗಳ ಲೋಕದಲ್ಲಿ ಇಂಥದೇ ಒಂದು ಸಂಗತಿಯು ಕೆಲವು ವರ್ಷಗಳಿಂದ ನಡೆಯುತ್ತಿದೆ. ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯು ತಾನು ಹುಟ್ಟಿದ ಯಂತ್ರವನ್ನೇ ಮೊದಲು ಕೈಬಿಟ್ಟು, ಅದರ ಬಳಿಕ ಬಂದ ಯಂತ್ರಗಳನ್ನೂ ಒಂದೊಂದಾಗಿ ಬಿಡುತ್ತ ಬಂದಿದೆ. ಇದು ಯಂತ್ರಶಾಸ್ತ್ರಜ್ಞರ ವಿಷಯ, ಸಾಹಿತ್ಯದ ಉಪಾಧ್ಯಾಯರಿಗೆ ಇದರಿಂದೇನು ಎಂಬ ಶಂಕೆಗೆ ಸಮಾಧಾನವು ಸುಲಭವಾಗಿದೆ. ಶಾಸನಪಾಠಗಳು, ಕಾವ್ಯಗಳ ಪದಸೂಚಿಗಳು, ಹಸ್ತಪ್ರತಿಗಳ ಛಾಯಾಪ್ರತಿಗಳು, ನಿಘಂಟಿನ ಚೀಟಿಗಳು, ಇವೆಲ್ಲ ಈಗ ಇರುವುದು ಗಣಕಯಂತ್ರಗಳಲ್ಲಿ. ಆ ಯಂತ್ರಗಳಾದರೋ ವಿದ್ಯಾಸಂಸ್ಥೆಗಳಲ್ಲಿ ಬಹುಮಟ್ಟಿಗೆ ಹಳೆಯವು. ಮೈಕ್ರೊಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ ೧೦ಕ್ಕೆ ಸಾಮಾನ್ಯ ಪೋಷಣೆಯನ್ನು ೨೦೨೫ನೆಯ ಅಕ್ಟೋಬರ್ ೧೪ರಂದು ನಿಲ್ಲಿಸಿದ ಮೇಲೆ, ಹೊಸ ವಿಂಡೋಸಿಗೆ ಒಗ್ಗದ ಯಂತ್ರವುಳ್ಳವರಿಗೆ ಎಲ್ಲೆಡೆಯೂ ದೊರೆತ ಉಪದೇಶ, ಲಿನಕ್ಸನ್ನು ಆಶ್ರಯಿಸಿರಿ ಎಂಬುದು. ಆ ಆಶ್ರಯವೂ ಹಳೆಯ ಯಂತ್ರಗಳಿಗೆ ಬಾಗಿಲು ಹಾಕುತ್ತಿದೆಯೆಂಬ ವಾರ್ತೆಯು ನಿಜವೇ, ನಿಜವಾದರೆ ಎಷ್ಟುಮಟ್ಟಿಗೆ ನಿಜ ಎಂಬುದು ವಿಚಾರಾರ್ಹವಾಗಿದೆ.

ಮೊದಲು ಪರಿಭಾಷೆಯ ಮಾತು. ಗಣಕಯಂತ್ರದ ಹೃದಯವು ಪ್ರೊಸೆಸರು ಎಂಬ ಚಿಕ್ಕ ಚಿಪ್ಪು. ಕೂಡು, ಕಳೆ, ಹೋಲಿಸು, ಇಲ್ಲಿಂದ ತೆಗೆದು ಅಲ್ಲಿಡು ಎಂಬಂಥ ನಿಯತವಾದ ಕೆಲವು ಆಜ್ಞೆಗಳು ಮಾತ್ರವೇ ಅದಕ್ಕೆ ತಿಳಿಯುತ್ತವೆ. ಈ ಆಜ್ಞೆಗಳ ಸಮುದಾಯವನ್ನು ಅದರ ಧಾತುಪಾಠವೆಂದರೆ ಸಲ್ಲುತ್ತದೆ. ಅದರಲ್ಲಿಲ್ಲದ ಧಾತುವಿನಿಂದ ಯಾವ ವಾಕ್ಯವನ್ನೂ ಅದಕ್ಕೆ ಹೇಳಲಾಗುವುದಿಲ್ಲ. ಪ್ರೊಸೆಸರಿಗೂ ಬಳಸುವವರ ಕಾರ್ಯಕ್ರಮಗಳಿಗೂ ನಡುವೆ ನಿಂತು, ಯಾರಿಗೆ ಎಷ್ಟು ಜಾಗ, ಯಾರ ಸರದಿ ಯಾವಾಗ ಎಂಬುದನ್ನು ನಿರ್ಣಯಿಸುವುದು ಕರ್ನೆಲು. ಕಟ್ಟುನಿಟ್ಟಾಗಿ ಹೇಳಿದರೆ ಲಿನಕ್ಸ್ ಎಂಬುದು ಈ ಕರ್ನೆಲಿನ ಹೆಸರು. ಅದರ ಸುತ್ತ ಬೇಕಾದ ಇತರ ಸಲಕರಣೆಗಳನ್ನೆಲ್ಲ ಕೂಡಿಸಿ, ಬಳಸಲು ಸಿದ್ಧವಾಗಿ ಹಂಚುವವರು ಡೆಬಿಯನ್, ಉಬುಂಟು, ಫೆಡೋರಾ ಮುಂತಾದವರು. ಇವರ ಸಂಗ್ರಹಗಳಿಗೆ ವಿತರಣೆಗಳೆಂದು ಹೆಸರು. ಈ ಎರಡು ಹಂತಗಳ ಭೇದವನ್ನು ಮರೆತರೆ ಮುಂದಣ ವಿಷಯವು ಗೋಜಲಾಗುತ್ತದೆ. ಪತ್ರಿಕೆಗಳಲ್ಲಿ ಬರುವ ವಾರ್ತೆಗಳು ಬಹುಮಟ್ಟಿಗೆ ಈ ಭೇದವನ್ನು ಮರೆತೇ ಬರೆದವು.

ಹೆಲ್ಸಿಂಕಿಯ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಈ ಕರ್ನೆಲನ್ನು ಬರೆಯತೊಡಗಿದಾಗ ಆತನ ಮೇಜಿನ ಮೇಲಿದ್ದುದು ಇಂಟೆಲ್ ಸಂಸ್ಥೆಯ ೩೮೬ ಎಂಬ ಪ್ರೊಸೆಸರುಳ್ಳ ಯಂತ್ರ. ೧೯೮೫ರಲ್ಲಿ ಹೊರಬಂದ ಆ ಪ್ರೊಸೆಸರು ಮೂವತ್ತೆರಡು ದ್ವಿಮಾನಸ್ಥಾನಗಳ, ಅಂದರೆ ೩೨ ಬಿಟ್ಟುಗಳ, ಸಂಖ್ಯೆಯನ್ನು ಒಮ್ಮೆಗೆ ಹಿಡಿಯಬಲ್ಲುದಾಗಿತ್ತು. ಮರುವರ್ಷ, ೧೯೯೨ರಲ್ಲಿ, ಆತನು ತನ್ನ ಕೃತಿಯನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದು, ಆದರೆ ಹಂಚುವವನು ತನ್ನ ತಿದ್ದುಪಡಿಯನ್ನೂ ಬಚ್ಚಿಡಕೂಡದು ಎಂಬ ಲೈಸೆನ್ಸಿನ ಕೆಳಗೆ ತಂದನು. ಈ ಒಂದು ಕಟ್ಟಳೆಯೇ ಪ್ರಕೃತ ವಿಚಾರಕ್ಕೆ ತಳಹದಿ. ಹುಟ್ಟಿದ ಮನೆಯಾದ ೩೮೬ಕ್ಕೆ ಪೋಷಣೆಯನ್ನು ನಿಲ್ಲಿಸುವ ತಿದ್ದುಪಡಿಯನ್ನು ಇಂಗೊ ಮೋಲ್ನಾರ್ ಎಂಬ ಕರ್ನೆಲ್ ತಜ್ಞರು ೨೦೧೨ರ ಡಿಸೆಂಬರಿನಲ್ಲಿ ಮುಂದಿಟ್ಟರು. ಟೋರ್ವಾಲ್ಡ್ಸ್ ಅದನ್ನು ಅಂಗೀಕರಿಸಿದನು. ೨೦೧೩ರ ಫೆಬ್ರುವರಿಯಲ್ಲಿ ಹೊರಬಂದ ೩.೮ನೆಯ ಆವೃತ್ತಿಯಿಂದೀಚೆಗೆ ಲಿನಕ್ಸ್ ೩೮೬ರ ಮೇಲೆ ಓಡುವುದಿಲ್ಲ.

ಹಾಗೆ ಬಿಡಲು ಕಾರಣವೇನೆಂಬುದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಹಳೆಯ ಯಂತ್ರವು ನಿಧಾನವೆಂಬುದು ಕಾರಣವಲ್ಲ. ನಿಧಾನವಾದ ಯಂತ್ರವೂ ಸರಿಯಾಗಿ ನಡೆದರೆ ಕರ್ನೆಲಿಗೆ ಅದರಿಂದ ಬಾಧೆಯಿಲ್ಲ. ಬಾಧೆಯಿರುವುದು ಧಾತುಪಾಠದ ಕೊರತೆಯಲ್ಲಿ. ಒಂದು ಓಲೆಯನ್ನು ಇಬ್ಬರು ಲಿಪಿಕಾರರು ಏಕಕಾಲದಲ್ಲಿ ತಿದ್ದುತ್ತಿರುವರೆಂದು ಭಾವಿಸಬಹುದು. ಒಬ್ಬನು ಓಲೆಯಲ್ಲಿ ಐದು ಎಂದಿರುವುದನ್ನು ಕಂಡು, ಆರು ಎಂದು ಬರೆಯಲು ಕಂಠವನ್ನೆತ್ತುವಷ್ಟರಲ್ಲಿ ಇನ್ನೊಬ್ಬನು ಅದನ್ನು ಆರಾಗಿ ಮಾಡಿರುತ್ತಾನೆ. ಮೊದಲನೆಯವನು ಮತ್ತೆ ಆರೆಂದೇ ಬರೆಯುತ್ತಾನೆ. ಏಳಾಗಬೇಕಾದುದು ಆರಾಗಿಯೇ ನಿಲ್ಲುತ್ತದೆ. ಇದಕ್ಕೆ ಪರಿಹಾರ, ನೋಡುವುದೂ ಬರೆಯುವುದೂ ನಡುವೆ ಯಾರೂ ಕೈಹಾಕಲಾಗದ ಒಂದೇ ಕ್ರಿಯೆಯಾಗುವುದು: ಓಲೆಯಲ್ಲಿ ಇನ್ನೂ ಐದೇ ಇದ್ದರೆ ಆರು ಬರೆ, ಇಲ್ಲದಿದ್ದರೆ ಮುಟ್ಟಬೇಡ. ೧೯೮೯ರಲ್ಲಿ ಬಂದ ೪೮೬ ಪ್ರೊಸೆಸರಿನಲ್ಲಿ ಇಂಥ ಒಂದು ಆಜ್ಞೆಯುಂಟು, ೩೮೬ರಲ್ಲಿ ಇಲ್ಲ. ಅನೇಕ ಕಾರ್ಯಗಳನ್ನು ಒಟ್ಟೊಟ್ಟಿಗೆ ನಡೆಸುವ ಇಂದಿನ ಕರ್ನೆಲಿಗೆ ಇದು ಉಸಿರಿನಂತೆ ಬೇಕಾದ ಆಜ್ಞೆ.

ಇನ್ನೊಂದು ಕೊರತೆ ಇದಕ್ಕಿಂತ ವಿಚಿತ್ರವಾದುದು. ಸ್ಮೃತಿಯ ಕೆಲವು ಪುಟಗಳಿಗೆ ಓದಬಹುದು, ಬರೆಯಕೂಡದು ಎಂಬ ಗುರುತು ಹಾಕಿರುತ್ತದೆ. ಬಳಕೆದಾರರ ಕಾರ್ಯಕ್ರಮಗಳು ಆ ಗುರುತನ್ನು ಮೀರಲು ಹೋದರೆ ೩೮೬ ತಡೆಯುತ್ತಿದ್ದಿತು. ಮೀರುವವನು ಕರ್ನೆಲೇ ಆದರೆ ತಡೆಯುತ್ತಿರಲಿಲ್ಲ. ಭಂಡಾರದ ಕಾವಲುಗಾರನು ಊರವರನ್ನೆಲ್ಲ ಬಾಗಿಲಲ್ಲಿ ತಡೆದು, ಭಂಡಾರಿಯು ಮರೆತು ಮುದ್ರೆಯನ್ನೊಡೆದರೆ ಮಾತ್ರ ಸುಮ್ಮನೆ ನಿಂತಂತೆ. ಆದ್ದರಿಂದ ಈ ಒಂದು ಪ್ರೊಸೆಸರಿನ ಸಲುವಾಗಿ, ಕರ್ನೆಲು ತಾನು ಬರೆಯುವ ಕಡೆಯಲ್ಲೆಲ್ಲ ಮೊದಲು ಗುರುತನ್ನು ತಾನೇ ಪರೀಕ್ಷಿಸಿಕೊಳ್ಳಬೇಕಾಗಿತ್ತು. ೪೮೬ರಲ್ಲಿ ಈ ದೋಷವು ತಿದ್ದಲ್ಪಟ್ಟಿತು. ಇಪ್ಪತ್ತು ವರ್ಷಗಳ ಕಾಲ ಇತರ ಪ್ರೊಸೆಸರುಗಳಿಗೆ ಬೇಡವಾದ ಈ ಎಚ್ಚರಿಕೆಯನ್ನು ಕರ್ನೆಲಿನ ಲೇಖಕರು ಹೊತ್ತುಕೊಂಡೇ ಬಂದರೆಂಬುದನ್ನು ನೆನೆದರೆ, ಅವರು ದುಡುಕಿದರೆಂದು ಹೇಳುವ ಬಾಯಿ ಬರಲಾರದು.

೪೮೬ರ ಕಥೆಯೂ ಇದೇ ಜಾಡಿನದು. ೧೯೯೩ರ ಪೆಂಟಿಯಂ ಪ್ರೊಸೆಸರಿನಲ್ಲಿ ಎರಡು ಹೊಸ ಶಕ್ತಿಗಳು ಸೇರಿದುವು. ಮೇಲೆ ಹೇಳಿದ ನೋಡಿ ಬರೆಯುವ ಕ್ರಿಯೆಯನ್ನು ನಾಲ್ಕು ಬೈಟುಗಳಿಗೆ ಬದಲಾಗಿ ಎಂಟು ಬೈಟುಗಳ ಮೇಲೆ ಒಮ್ಮೆಗೇ ನಡೆಸುವುದು ಒಂದು. ತನ್ನ ಬಡಿತಗಳನ್ನು ತಾನೇ ಎಣಿಸಿಕೊಳ್ಳುವುದು ಇನ್ನೊಂದು. ೪೮೬ರಲ್ಲಿ ಇವೆರಡೂ ಇಲ್ಲದ್ದರಿಂದ ಕರ್ನೆಲು ಇವುಗಳ ಅನುಕರಣವನ್ನು ತನ್ನೊಳಗೆ ಇಟ್ಟುಕೊಳ್ಳಬೇಕಾಯಿತು. ಆ ವಂಶದಲ್ಲಿಯೇ ಭಿನ್ನರಾಶಿಗಣಿತದ ಅಂಗವಿಲ್ಲದ ಒಂದು ಪ್ರಭೇದವಿದ್ದುದರಿಂದ, ಆ ಗಣಿತವನ್ನೆಲ್ಲ ಕೈಲೆಕ್ಕದಂತೆ ಮಾಡಿಕೊಡುವ ದೊಡ್ಡದೊಂದು ಪ್ರಕರಣವೂ ಕರ್ನೆಲಿನಲ್ಲಿ ನಿಂತಿತು. ೨೦೨೫ರ ಏಪ್ರಿಲಿನಲ್ಲಿ ಮೋಲ್ನಾರ್ ಅವರೇ ಈ ಅನುಕರಣಗಳನ್ನೆಲ್ಲ ತೆಗೆಯುವ ಪ್ರಸ್ತಾವವನ್ನು ಮಂಡಿಸಿದರು. ಅದರಲ್ಲಿ ಅಳಿಸತಕ್ಕ ಸಾಲುಗಳು ಹದಿನಾಲ್ಕು ಸಾವಿರಕ್ಕೂ ಮಿಕ್ಕವು. ಇಂಟೆಲ್ ಸಂಸ್ಥೆಯಾದರೋ ೪೮೬ರ ತಯಾರಿಕೆಯನ್ನು ೨೦೦೭ರಲ್ಲಿಯೇ ನಿಲ್ಲಿಸಿದ್ದಿತು.

ಐಹೊಳೆಯ ಲಾಡ್‌ಖಾನ್ ಗುಡಿಯ ಮಾಡನ್ನು ನೋಡಿದವರಿಗೆ ಇಲ್ಲೊಂದು ಸಾಮ್ಯವು ಹೊಳೆಯದಿರದು. ಹಾಸುಗಲ್ಲುಗಳ ಸಂದಿಗಳ ಮೇಲೆ ಮರದ ದಿಮ್ಮಿಗಳಂತೆ ಕಡೆದ ಉದ್ದನೆಯ ಕಲ್ಲುಪಟ್ಟಿಗಳನ್ನು ಅಲ್ಲಿ ಇರಿಸಿದ್ದಾರೆ. ಮರದ ಕೆಲಸದ ರೂಪವು ಕಲ್ಲಿಗೆ ಬಂದುದು ಪೂರ್ವಪರಿಚಯದಿಂದ. ಆದರೆ ಪಟ್ಟಿಯು ಬರಿಯ ಅಲಂಕಾರವೂ ಅಲ್ಲ, ಸಂದಿಯಲ್ಲಿ ಮಳೆನೀರು ಇಳಿಯದಂತೆ ತಡೆಯುತ್ತದೆ. ತಿಳಿಯದವನು ಅದನ್ನು ಹಳೆಯ ಕಾಲದ ಅವಶೇಷವೆಂದು ಕಿತ್ತರೆ ಗುಡಿ ಸೋರುತ್ತದೆ. ಹಳೆಯ ಕಟ್ಟಡದಲ್ಲಿ ಯಾವುದು ಸಂದಿಯನ್ನು ಮುಚ್ಚಿದೆ, ಯಾವುದು ಬರಿಯ ರೂಢಿಯಿಂದ ಉಳಿದಿದೆ ಎಂಬ ವಿವೇಕವು ಕಟ್ಟಿದವರು ಹೋದ ಮೇಲೆ ಬಹು ಕಷ್ಟ. ಕರ್ನೆಲಿನ ಹಳೆಯ ಪ್ರಕರಣಗಳ ಗತಿಯೂ ಹೀಗೆಯೇ. ಹೊಸದಾಗಿ ಬಂದ ಲೇಖಕನು ಒಂದು ಸಾಲನ್ನು ತಿದ್ದಬೇಕಾದರೆ, ಅವನು ಕಣ್ಣಿನಿಂದ ಕಾಣದ ಯಂತ್ರವೊಂದರ ಸಲುವಾಗಿ ಬರೆದ ಹತ್ತು ಸಾಲುಗಳ ಅಭಿಪ್ರಾಯವನ್ನು ಮೊದಲು ತಿಳಿಯಬೇಕಾಗುತ್ತದೆ.

ಇಂಥ ಸಮಸ್ಯೆಯು ನಮ್ಮ ಶಾಸ್ತ್ರಕಾರರಿಗೆ ಹೊಸತಲ್ಲ. ಪಾಣಿನಿಯ ಕಾಲಕ್ಕೆ ವೇದದ ಎಷ್ಟೋ ರೂಪಗಳು ಆಡುಮಾತಿನಿಂದ ಮರೆಯಾಗಿದ್ದುವು. ಆತನು ಅವುಗಳನ್ನು ಬಿಡಲಿಲ್ಲ, ಆಡುಮಾತಿನ ರೂಪಗಳೊಡನೆ ಬೆರೆಸಲೂ ಇಲ್ಲ. ‘ಛಂದಸಿ’ ಎಂಬ ಒಂದು ಪದವನ್ನು ಹಚ್ಚಿ, ಈ ವಿಧಿಯು ವೇದವಿಷಯದಲ್ಲಿ ಮಾತ್ರ ಎಂದು ಗಡಿಯನ್ನು ಹಾಕಿದನು. ಕರ್ನೆಲಿನ ಲೇಖಕರು ಮಾಡುವುದೂ ಅದನ್ನೇ. ಈ ಸಾಲುಗಳು ೪೮೬ಕ್ಕಾಗಿ ಕಟ್ಟುವಾಗ ಮಾತ್ರ ಎಂದು ಮೇಲೊಂದು ಗುರುತನ್ನು ಬರೆದು ಕೆಳಗೊಂದು ಗುರುತಿನಿಂದ ಮುಗಿಸುತ್ತಾರೆ. ಬೇರೆ ಯಂತ್ರಕ್ಕಾಗಿ ಕಟ್ಟುವಾಗ ಆ ಭಾಗವು ಇಲ್ಲದಂತೆಯೇ ಆಗುತ್ತದೆ. ಹಾಗಾದರೆ ಅದರಿಂದ ಯಾರಿಗೆ ಭಾರ, ಇದ್ದರೆ ಇರಲಿ ಎಂದು ಕೇಳಬಹುದು.

ಈ ಪ್ರಶ್ನೆಯ ಪೂರ್ವಪಕ್ಷವೂ ಪತಂಜಲಿಯ ಪಸ್ಪಶಾಹ್ನಿಕದಲ್ಲಿದೆ. ಲೋಕದಲ್ಲಿ ಯಾರೂ ಬಳಸದ ಶಬ್ದಗಳಿಗೆ ಶಾಸ್ತ್ರವೇಕೆ ಎಂಬ ಆಕ್ಷೇಪಕ್ಕೆ ಅಲ್ಲಿ ಎರಡು ಬಗೆಯ ಸಮಾಧಾನ ಹೇಳಿದೆ. ನೂರು ವರ್ಷ, ಸಾವಿರ ವರ್ಷ ನಡೆಯುವ ದೀರ್ಘಸತ್ರಗಳನ್ನು ಈಗ ಯಾರೂ ಆಚರಿಸುವುದಿಲ್ಲ, ಆದರೂ ಯಾಜ್ಞಿಕರು ಸಂಪ್ರದಾಯವೆಂದು ಅವುಗಳನ್ನು ವಿಧಿಸುತ್ತಾರೆ, ಹಾಗೆಯೇ ಇದು ಎಂಬುದೊಂದು. ಶಬ್ದಪ್ರಯೋಗದ ಕ್ಷೇತ್ರವು ಬಹು ವಿಶಾಲವಾದುದು, ಅದನ್ನೆಲ್ಲ ಹುಡುಕಿ ನೋಡದೆ ಬಳಕೆಯಿಲ್ಲವೆನ್ನುವುದು ಸಾಹಸ ಎಂಬುದು ಇನ್ನೊಂದು. ಅದಕ್ಕೆ ನಿದರ್ಶನವಾಗಿ, ‘ಶವತಿ’ ಎಂಬುದು ಹೋಗುವುದೆಂಬ ಅರ್ಥದಲ್ಲಿ ಕಾಂಬೋಜರಲ್ಲಿ ಮಾತ್ರ ಉಂಟೆಂಬುದನ್ನು ಭಾಷ್ಯಕಾರನು ತೋರಿಸುತ್ತಾನೆ. ಹಳೆಯ ಪ್ರೊಸೆಸರನ್ನು ಬಿಡಬೇಡಿ ಎನ್ನುವವರ ವಾದವೆಲ್ಲ ಈ ಎರಡರಲ್ಲಿಯೇ ಅಡಗಿದೆ. ಜಗತ್ತಿನ ಯಾವುದೋ ಮೂಲೆಯ ಕಾರ್ಖಾನೆಯಲ್ಲಿ, ಯಾವುದೋ ಪ್ರಯೋಗಶಾಲೆಯಲ್ಲಿ ಆ ಯಂತ್ರವು ಇನ್ನೂ ದುಡಿಯುತ್ತಿರಬಹುದಷ್ಟೆ.

ಆದರೆ ದೃಷ್ಟಾಂತಕ್ಕೂ ದಾರ್ಷ್ಟಾಂತಿಕಕ್ಕೂ ಒಂದು ಭೇದವುಂಟು; ಇಲ್ಲಿ ಅದೇ ಪ್ರಧಾನ. ಪಾಣಿನಿಯು ಛಂದಸ್ಸಿಗೆ ಹೇಳಿದ ಸೂತ್ರವು ಸರಿಯೇ ಎಂದು ನೋಡಲು ವೇದವೇ ಮುಂದಿದೆ; ಅದನ್ನು ಬಾಯಲ್ಲಿ ಹಿಡಿದ ಅಧ್ಯೇತೃಗಳ ಪರಂಪರೆಯೂ ಇದೆ. ಕರ್ನೆಲಿನ ಸೂತ್ರವಾದರೋ ಸ್ಥಿರವಾದ ಗ್ರಂಥದಲ್ಲಿಲ್ಲ. ಸುತ್ತಲಿನ ಸೂತ್ರಗಳೆಲ್ಲ ದಿನದಿನವೂ ಬದಲಾಗುತ್ತಿರುತ್ತವೆ. ಪ್ರತಿಯೊಂದು ಬದಲಾವಣೆಯಾದಾಗಲೂ ಹಳೆಯ ಯಂತ್ರದ ಮೇಲೆ ನಡೆಸಿ ನೋಡಿದ ಹೊರತು ಅದು ಇನ್ನೂ ಸರಿಯಾಗಿದೆಯೇ ಎಂದು ಹೇಳಲಾಗದು. ಪರೀಕ್ಷಿಸುವವರಿಲ್ಲದ ಪ್ರಕರಣವು ಗ್ರಂಥದಲ್ಲಿದ್ದರೂ ಇದ್ದಂತಲ್ಲ. ಅದು ನಡೆಯುತ್ತದೆಂಬ ಭ್ರಾಂತಿಯನ್ನು ಹುಟ್ಟಿಸುವುದರಿಂದ ಇಲ್ಲದಿರುವುದಕ್ಕಿಂತಲೂ ಕೆಟ್ಟದ್ದು. ಅರ್ಧಮಾತ್ರೆಯ ಲಾಘವಕ್ಕೆ ಹಿಗ್ಗುವ ವೈಯಾಕರಣರ ಸಂತೋಷವು ಈ ಪರಿತ್ಯಾಗದಲ್ಲಿ ಸ್ವಲ್ಪ ಇದ್ದೀತು. ಆದರೆ ಮೂಲ ಹೇತುವು ಲಾಘವವಲ್ಲ, ಸಾಕ್ಷಿಗಳ ಅಭಾವ.

ಹೀಗೆಂಬುದಕ್ಕೆ ಪ್ರಮಾಣವು ಲಿನಕ್ಸಿನ ಇತಿಹಾಸದಲ್ಲಿಯೇ ಇದೆ. ಕರ್ನೆಲಿನ ಗ್ರಂಥದೊಡನೆ ಒಂದು ಪಟ್ಟಿಯಿರುತ್ತದೆ; ಯಾವ ಭಾಗಕ್ಕೆ ಯಾರು ಹೊಣೆ ಎಂದು ಅದರಲ್ಲಿ ಹೆಸರು ಹಿಡಿದು ಬರೆದಿರುತ್ತಾರೆ. ಹೊಣೆ ಹೊತ್ತವನು ಬಿಟ್ಟುಹೋಗಿ ಇನ್ನೊಬ್ಬನು ಬಾರದಿದ್ದರೆ ಆ ಭಾಗಕ್ಕೆ ‘ಅನಾಥ’ ಎಂದು ಗುರುತು ಬೀಳುತ್ತದೆ. ಇಂಟೆಲ್ ಸಂಸ್ಥೆಯು ೨೦೦೧ರಲ್ಲಿ ಬಹು ವೈಭವದಿಂದ ಹೊರತಂದ ಇಟೇನಿಯಂ ಎಂಬ ಪ್ರೊಸೆಸರಿಗೆ ೨೦೨೧ರಲ್ಲಿ ಈ ಗುರುತು ಬಿದ್ದಿತು; ೨೦೨೪ರ ಜನವರಿಯಲ್ಲಿ ಹೊರಬಂದ ೬.೭ನೆಯ ಆವೃತ್ತಿಯಲ್ಲಿ ಅದು ಇಲ್ಲವಾಯಿತು. ಇದಕ್ಕೆ ಮೊದಲೇ ೨೦೧೮ರಲ್ಲಿ, ೪.೧೭ನೆಯ ಆವೃತ್ತಿಯಲ್ಲಿ, ಬಳಸುವವರೂ ನೋಡಿಕೊಳ್ಳುವವರೂ ಇಲ್ಲದ ಎಂಟು ಪ್ರೊಸೆಸರು ವಂಶಗಳು ಒಮ್ಮೆಗೇ ಹೊರಬಿದ್ದುವು. ಅಳಿದ ಸಾಲುಗಳು ನಾಲ್ಕೂವರೆ ಲಕ್ಷಕ್ಕೂ ಮಿಕ್ಕಿದ್ದುವು. ಆದರೆ ೧೯೭೯ರಲ್ಲಿ ಮೊದಲಾದ ಮೊಟೊರೋಲಾ ೬೮೦೦೦ ವಂಶದ ಪೋಷಣೆಯು ಇವೆಲ್ಲಕ್ಕಿಂತ ಹಳೆಯದಾಗಿದ್ದೂ ಉಳಿದುಕೊಂಡಿದೆ. ಹಳೆಯ ಯಂತ್ರಗಳನ್ನು ಮನೆಯಲ್ಲಿಟ್ಟುಕೊಂಡು, ಪ್ರತಿ ಆವೃತ್ತಿಯನ್ನೂ ಅವುಗಳ ಮೇಲೆ ನಡೆಸಿ ನೋಡುವ ಕೆಲವರು ಅದರ ಬೆನ್ನಿಗಿದ್ದಾರೆ. ವಯಸ್ಸೇ ಕಾರಣವಾಗಿದ್ದರೆ ಇಪ್ಪತ್ತೆರಡು ವರ್ಷದ ಇಟೇನಿಯಂ ಹೋಗಿ ಅದಕ್ಕಿಂತ ಇಮ್ಮಡಿ ವಯಸ್ಸಿನ ವಂಶವು ನಿಲ್ಲುತ್ತಿರಲಿಲ್ಲ.

ಅಯ್ಯಾವೊಳೆಯ ಐನೂರ್ವರ ವೃತ್ತಾಂತವನ್ನು ಬಲ್ಲವರಿಗೆ ಇಂಥ ಸಮುದಾಯದ ನಡೆಯು ಅಪರಿಚಿತವಾಗಿ ತೋರಲಾರದು. ಐಹೊಳೆಯ ಹೆಸರನ್ನು ಧರಿಸಿದ ಆ ವರ್ತಕಸಂಘವು ಕರ್ಣಾಟಕದಿಂದ ತಮಿಳುನಾಡಿಗೂ, ಸಿಂಹಳಕ್ಕೂ, ೧೦೮೮ರ ಲೋಬು ತುವಾ ಶಾಸನದಿಂದ ತಿಳಿಯುವಂತೆ ಸುಮಾತ್ರಾ ದ್ವೀಪದವರೆಗೂ ಹಬ್ಬಿದ್ದಿತು. ಒಬ್ಬ ಅರಸನ ಆಳ್ವಿಕೆಗೆ ಒಳಪಟ್ಟ ಸಂಸ್ಥೆಯಲ್ಲ ಅದು. ಬಣಂಜುಧರ್ಮವೆಂಬ ತಮ್ಮ ಕಟ್ಟಳೆಯನ್ನು ತಾವೇ ಪಾಲಿಸಿಕೊಂಡ ಸಮಯ. ಯಾವ ಸರಕಿಗೆ ಎಷ್ಟು ಸಲ್ಲಿಸಬೇಕು, ಯಾವ ದಾನವನ್ನು ಯಾರು ರಕ್ಷಿಸಬೇಕು ಎಂಬುದನ್ನು ನೆರೆದವರೇ ನಿರ್ಣಯಿಸಿ ಕಲ್ಲಿನಲ್ಲಿ ಬರೆಸುತ್ತಿದ್ದರು. ಅಂಥ ದಾನಶಾಸನದ ಬಲವು ಕಲ್ಲಿನಲ್ಲಿ ಇರಲಿಲ್ಲ. ರಕ್ಷಿಸುವೆವೆಂದು ಒಪ್ಪಿ ನಿಂತವರಲ್ಲಿದ್ದಿತು. ಸಾಮ್ಯವನ್ನು ಇದಕ್ಕಿಂತ ಮುಂದಕ್ಕೆ ಎಳೆಯುವುದು ಸಲ್ಲದು. ಐನೂರ್ವರು ಲಾಭಕ್ಕಾಗಿ ನಡೆದವರು, ಕರ್ನೆಲಿನ ಲೇಖಕರಲ್ಲಿ ಕೆಲವರಿಗೆ ಸಂಸ್ಥೆಗಳ ಸಂಬಳವಿದೆ, ಕೆಲವರಿಗೆ ಏನೂ ಇಲ್ಲ.

ಇದುವರೆಗೆ ಹೇಳಿದುದು ಕರ್ನೆಲಿನ ವಿಷಯ. ವಿತರಣೆಗಳ ವಿಷಯವು ಬೇರೆ, ಉಪಾಧ್ಯಾಯರಿಗೆ ತಾಗುವುದು ಅದೇ. ಕರ್ನೆಲು ೩೨ ಬಿಟ್ಟಿನ ಪೆಂಟಿಯಂ ಮುಂತಾದವುಗಳನ್ನು ಬಿಡದಿದ್ದರೂ ವಿತರಣೆಗಳು ೩೨ ಬಿಟ್ಟಿನ ಇಡೀ ಕುಲವನ್ನೇ ಬಿಡತೊಡಗಿವೆ. ಆರ್ಚ್ ಎಂಬ ವಿತರಣೆಯು ೨೦೧೭ರಲ್ಲಿ, ಫೆಡೋರಾ ೨೦೧೯ರಲ್ಲಿ ಅದನ್ನು ಬಿಟ್ಟುವು. ಉಬುಂಟು ತನ್ನ ೧೭.೧೦ನೆಯ ಆವೃತ್ತಿಯಿಂದ ೩೨ ಬಿಟ್ಟಿನ ಸ್ಥಾಪನಪ್ರತಿಯನ್ನು ಕೊಡುವುದನ್ನು ನಿಲ್ಲಿಸಿತು. ೨೦೧೯ರಲ್ಲಿ ೩೨ ಬಿಟ್ಟಿನ ಸಲಕರಣೆಗಳನ್ನೆಲ್ಲ ತೆಗೆಯುವೆವೆಂದು ಹೊರಟು, ಹಳೆಯ ಕಾರ್ಯಕ್ರಮಗಳನ್ನೂ ಆಟಗಳನ್ನೂ ನಡೆಸುವವರ ಆಕ್ಷೇಪಣೆಯಿಂದ ಹಿಂದೆ ಸರಿದು, ಆಯ್ದ ಕೆಲವನ್ನು ಉಳಿಸಿಕೊಂಡಿತು. ಎಲ್ಲರಿಗಿಂತ ಸಾವಧಾನವಾಗಿ ನಡೆಯುವ ಡೆಬಿಯನ್ ಸಹ, ೨೦೨೫ರ ಆಗಸ್ಟ್ ೯ರಂದು ಹೊರಬಂದ ತನ್ನ ೧೩ನೆಯ ಆವೃತ್ತಿಯಲ್ಲಿ ೩೨ ಬಿಟ್ಟಿನ ಇಂಟೆಲ್ ಯಂತ್ರಗಳಿಗೆ ಕರ್ನೆಲನ್ನೂ ಸ್ಥಾಪನಪ್ರತಿಯನ್ನೂ ಕೊಟ್ಟಿಲ್ಲ. ೬೪ ಬಿಟ್ಟಿನ ಯಂತ್ರದ ಮೇಲೆ ಹಳೆಯ ಕಾರ್ಯಕ್ರಮಗಳನ್ನು ನಡೆಸಲು ಬೇಕಾದಷ್ಟನ್ನು ಮಾತ್ರ ಉಳಿಸಿದೆ.

ಕನ್ನಡಿಗರಲ್ಲಿ ಇದರ ಪರಿಣಾಮವು ವಿದ್ಯಾಶಾಲೆಗಳಿಗೆ ಸಂಬಂಧಿಸಿದಂತೆ ಸ್ಪಷ್ಟವಾಗುವ ಒಂದು ಸ್ಥಳ ಕಾಸರಗೋಡು. ಕೇರಳ ಸರ್ಕಾರದ ‘ಐ.ಟಿ. ಅಟ್ ಸ್ಕೂಲ್’ ಯೋಜನೆಯು, ೨೦೧೭ರಿಂದ ‘ಕೈಟ್’ ಎಂಬ ಸಂಸ್ಥೆಯಾಗಿ ಮಾರ್ಪಟ್ಟು, ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ಬಳಕೆಗೆ ತಂದಿದೆ. ಆದುದರಿಂದ ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸಿನ ಮೇಲೆಯೇ ಕಲಿಯುತ್ತಾರೆ. ಆ ವ್ಯವಸ್ಥೆಗೆ ಆಧಾರ ಉಬುಂಟು. ಆಧಾರವೇ ೩೨ ಬಿಟ್ಟನ್ನು ಬಿಟ್ಟ ಮೇಲೆ ಅದನ್ನು ನಂಬಿದ ಶಾಲೆಗಳ ದಾರಿಯೂ ಕಿರಿದಾಗುವುದು ಸಹಜ. ಹಣವುಳ್ಳವರಿಗೆ ಹೊಸ ಯಂತ್ರವನ್ನು ಕೊಳ್ಳುವುದು ಒಂದು ಕ್ಷಣದ ಮಾತು. ಯಾರೋ ಬಳಸಿ ಕೊಟ್ಟ ಯಂತ್ರಗಳಿಂದ ಕೊಠಡಿಯನ್ನು ತುಂಬಿಕೊಂಡ ಹಳ್ಳಿಯ ಶಾಲೆಗೆ ಹಾಗಲ್ಲ. ೩೮೬ರ ಪರಿತ್ಯಾಗವು ನ್ಯಾಯವೆಂದು ಒಪ್ಪಿದವರೂ ೩೨ ಬಿಟ್ಟಿನ ಪರಿತ್ಯಾಗವನ್ನು ಅದೇ ತಕ್ಕಡಿಯಲ್ಲಿ ತೂಗಲಾರರು. ೩೮೬ ಇದ್ದ ಮನೆಗಳು ೨೦೧೨ರಲ್ಲಿ ಇಲ್ಲವೆನ್ನುವಷ್ಟು ವಿರಳ. ೨೦೦೮ರ ಸುಮಾರಿನಲ್ಲಿ ಅಗ್ಗವಾಗಿ ಮಾರಾಟವಾದ ಆಟಮ್ ಪ್ರೊಸೆಸರಿನ ಪುಟ್ಟ ಯಂತ್ರಗಳಲ್ಲಿ ೩೨ ಬಿಟ್ಟಿನವು ಬಹಳ, ಅವುಗಳಲ್ಲಿ ಕೆಟ್ಟುಹೋಗದವೂ ಬಹಳ. ಇಲ್ಲಿ ಮುಕ್ತತೆಯು ನಿಷ್ಪ್ರಯೋಜಕವಲ್ಲವೆಂಬುದನ್ನೂ ಹೇಳಬೇಕು. ಆರ್ಚ್ ವಿತರಣೆಯು ಬಿಟ್ಟ ೩೨ ಬಿಟ್ಟಿನ ಶಾಖೆಯನ್ನು ಬೇರೆ ಕೆಲವರು ಎತ್ತಿಕೊಂಡು ಸ್ವತಂತ್ರವಾಗಿ ನಡೆಸಿದರು. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಇದರ ನಡುವೆ ಕಾಲಗಣನೆಯ ತೊಡಕೊಂದು ಸೇರಿಕೊಂಡಿದೆ. ರವಿಕೀರ್ತಿಯು ತನ್ನ ಗುಡಿಯ ಕಾಲವನ್ನು ಎರಡು ಗಣನೆಗಳಲ್ಲಿ ಹೇಳಿದ್ದಾನೆ. ಭಾರತಯುದ್ಧವು ಕಳೆದು ೩೭೩೫ ವರ್ಷ, ಶಕರಾಜರ ಕಾಲದಲ್ಲಿ ೫೫೬ ವರ್ಷ. ಎರಡೂ ಕೂಡಿ ಬರುವುದು ಕ್ರಿ.ಶ. ೬೩೪–೩೫ಕ್ಕೆ. ಒಂದು ಗಣನೆಯನ್ನು ಅರಿಯದವನು ಇನ್ನೊಂದರಿಂದ ತಿಳಿಯಲೆಂಬ ಈ ಔದಾರ್ಯವು ಹಳೆಯ ಯಂತ್ರಗಳಲ್ಲಿಲ್ಲ. ಯುನಿಕ್ಸ್ ಸಂಪ್ರದಾಯದ ವ್ಯವಸ್ಥೆಗಳೆಲ್ಲ ೧೯೭೦ನೆಯ ಜನವರಿ ೧ರಿಂದ ಕಳೆದ ಸೆಕೆಂಡುಗಳನ್ನು ಎಣಿಸುತ್ತವೆ. ಧನಋಣಗಳ ಗುರುತಿಗೆ ಒಂದು ಸ್ಥಾನ ಹೋಗಿ ೩೨ ಬಿಟ್ಟುಗಳಲ್ಲಿ ಹಿಡಿಯುವ ಅತ್ಯಂತ ದೊಡ್ಡ ಸಂಖ್ಯೆ ೨,೧೪,೭೪,೮೩,೬೪೭. ಅಷ್ಟು ಸೆಕೆಂಡುಗಳು ತುಂಬುವುದು ೨೦೩೮ನೆಯ ಜನವರಿ ೧೯ರಂದು, ಭಾರತದ ಕಾಲಮಾನದಲ್ಲಿ ಬೆಳಗ್ಗೆ ೮ ಗಂಟೆ ೪೪ ಮಿನಿಟು ೭ ಸೆಕೆಂಡಿಗೆ. ಮರುಕ್ಷಣದಲ್ಲಿ ಆ ಪಾತ್ರೆ ಮಗುಚಿ ಯಂತ್ರವು ೧೯೦೧ರ ಡಿಸೆಂಬರನ್ನು ತೋರಿಸುತ್ತದೆ. ಪಾತ್ರೆಯನ್ನು ೬೪ ಬಿಟ್ಟುಗಳಿಗೆ ಹಿಗ್ಗಿಸಿದರೆ ಗಣನೆಯು ೨೯,೦೦೦ ಕೋಟಿ ವರ್ಷಗಳಿಗೂ ಮೇಲ್ಪಟ್ಟು ಸಾಗುತ್ತದೆ. ೪೩೨ ಕೋಟಿ ವರ್ಷಗಳ ಕಲ್ಪಗಳು ಅರವತ್ತೇಳು ಅದರೊಳಗೆ ಮುಳುಗುತ್ತವೆ. ಲಿನಕ್ಸ್ ಕರ್ನೆಲು ೩೨ ಬಿಟ್ಟಿನ ಯಂತ್ರಗಳಿಗೂ ಈ ಹಿಗ್ಗಿದ ಪಾತ್ರೆಯನ್ನು ೨೦೨೦ರ ೫.೬ನೆಯ ಆವೃತ್ತಿಯ ವೇಳೆಗೆ ಒದಗಿಸಿಕೊಟ್ಟಿತು. ಡೆಬಿಯನ್ ತನ್ನ ೧೩ನೆಯ ಆವೃತ್ತಿಯಲ್ಲಿ ಇತರ ೩೨ ಬಿಟ್ಟಿನ ವಂಶಗಳಿಗೆ ಹೊಸ ಗಣನೆಯನ್ನು ಕೊಟ್ಟು, ಇಂಟೆಲ್ ವಂಶಕ್ಕೆ ಮಾತ್ರ 
ಹಳೆಯದನ್ನೇ ಉಳಿಸಿತು. ಕಾರಣವು ಸ್ಪಷ್ಟ: ಆ ವಂಶವು ಇನ್ನು ಉಳಿದಿರುವುದು ಹಳೆಯ ಕಾರ್ಯಕ್ರಮಗಳನ್ನು ಇದ್ದಂತೆಯೇ ನಡೆಸುವುದಕ್ಕಾಗಿ; ಅವು ಅರಿತಿರುವುದು ಹಳೆಯ ಗಣನೆಯನ್ನು.

ಬಿಡುವುದೆಂದರೇನೆಂಬುದಕ್ಕೆ ಅಕ್ಷರಗಳ ವಿಷಯದಲ್ಲಿ ಬೇರೊಂದು ನೀತಿಯುಂಟು; ಅದನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಲಾಭಕರ. ಱಕಾರ ೞಕಾರಗಳು ಕನ್ನಡದ ಬಳಕೆಯಿಂದ ಬಹುಕಾಲದ ಹಿಂದೆ ಬಿದ್ದುಹೋದುವು. ‘ಹಳೆಯ’ ಎಂಬ ಶಬ್ದವೇ ‘ಪೞೆಯ’ ಎಂದು ೞಕಾರದಿಂದ ಕೂಡಿದ್ದಿತು. ಕವಿರಾಜಮಾರ್ಗಕಾರನು ಪೞಗನ್ನಡದ ರೂಪಗಳು ಹಳೆಯ ಕಾವ್ಯಗಳಿಗೆ ಒಪ್ಪುವುವೇ ಹೊರತು ಹೊಸ ಕೃತಿಗಳಿಗೆ ರಸವತ್ತಲ್ಲವೆಂದು ಬಿಟ್ಟನು. ಹದಿಮೂರನೆಯ ಶತಮಾನದ ಕೇಶಿರಾಜನಾದರೋ ೞಕಾರವು ಳಕಾರದೊಡನೆ ಬೆರೆತುಹೋಗುತ್ತಿದ್ದ ಕಾಲದಲ್ಲಿ ಅದರ ಶಬ್ದಗಳನ್ನು ಎಣಿಸಿ ಕೊಟ್ಟು ಭೇದವನ್ನು ಕಾಪಾಡಿದನು. ಇಬ್ಬರದೂ ಪಾಂಡಿತ್ಯವೇ. ಇಂದು ಲೋಕದ ಲಿಪಿಗಳಿಗೆಲ್ಲ ಸಂಖ್ಯೆಯನ್ನು ಗೊತ್ತುಮಾಡಿರುವ ಯೂನಿಕೋಡ್ ಕೇಶಿರಾಜನ ಪಕ್ಷವನ್ನು ಅದರ ಪರಾಕಾಷ್ಠೆಗೆ ಒಯ್ದಿದೆ. ಒಮ್ಮೆ ಸೇರಿದ ಅಕ್ಷರವನ್ನು ಅದು ಎಂದೂ ತೆಗೆಯುವುದಿಲ್ಲ. ಅದರಲ್ಲಿ ೞಕಾರಕ್ಕೆ ಪ್ರಮಾದದಿಂದ ‘ಫ’ ಎಂಬುದಾಗಿ ಇಂಗ್ಲಿಷಿನ ಹೆಸರು ಬಿದ್ದುಹೋಯಿತು. ಇಟ್ಟ ಹೆಸರನ್ನು ಬದಲಾಯಿಸಕೂಡದೆಂಬ ನಿಯಮವಿರುವುದರಿಂದ ತಪ್ಪು ಹೆಸರು ಹಾಗೆಯೇ ಇದ್ದು, ಸರಿಯಾದುದನ್ನು ಉಪನಾಮವಾಗಿ ಪ್ರಕಟಿಸಿದ್ದಾರೆ. ಅಕ್ಷರವನ್ನು ಉಳಿಸುವುದಕ್ಕೆ ಒಂದು ಸಂಖ್ಯೆಯನ್ನು ಮೀಸಲಿಟ್ಟರೆ ಸಾಕು. ಪ್ರೊಸೆಸರನ್ನು ಉಳಿಸಲು ದಿನದಿನದ ಸೇವೆ ಬೇಕು. ನೀತಿಭೇದಕ್ಕೆ ಇದೇ ಹೇತು. ಕರ್ನೆಲಿನಲ್ಲಿಯೂ ಇಂಥ ಸ್ಥಿರನೀತಿಯೊಂದು ಇಲ್ಲದೆ ಇಲ್ಲ. ಬಳಕೆದಾರರ ಕಾರ್ಯಕ್ರಮಗಳು ಕೆಡುವಂಥ ಬದಲಾವಣೆಯನ್ನು ಮಾಡಕೂಡದೆಂದು ಟೋರ್ವಾಲ್ಡ್ಸ್ ಪಟ್ಟುಹಿಡಿದು ನಡೆಸುತ್ತಾನೆ. ಹಾಗೆ ನೋಡಿದರೆ ಅಲ್ಲಿ ಗ್ರಂಥವು ಸ್ಥಿರ, ಓಲೆ ಮಾತ್ರ ಅಸ್ಥಿರ.

ಹಾಗಾದರೆ ಪೋಷಣೆ ನಿಂತ ಯಂತ್ರದಲ್ಲಿ ಏನು ನಿಲ್ಲುತ್ತದೆ? ಯಂತ್ರವು ನಿಲ್ಲುವುದಿಲ್ಲ, ಅದರಲ್ಲಿ ಈಗಾಗಲೇ ಇರುವ ಹಳೆಯ ಆವೃತ್ತಿಯು ಮೊದಲಿನಂತೆಯೇ ಓಡುತ್ತದೆ. ೩೮೬ಕ್ಕೆ ಬೇಕಾದ ಸಾಲುಗಳೆಲ್ಲ ೩.೭ನೆಯ ಆವೃತ್ತಿಯಲ್ಲಿ ಅಚ್ಚಳಿಯದೆ ಇವೆ. ೨೦೦೫ರಿಂದೀಚೆಗಿನ ಒಂದೊಂದು ತಿದ್ದುಪಡಿಯನ್ನೂ ಕಾಲಕ್ರಮದಿಂದ ದಾಖಲಿಸಿದ ಭಂಡಾರದಿಂದ ಯಾರು ಬೇಕಾದರೂ ಅವನ್ನು ತೆಗೆದು ನೋಡಬಹುದು. ನಿಲ್ಲುವುದು ತಿದ್ದುಪಡಿಗಳ ಬರವು. ಹೊಸದಾಗಿ ಬಯಲಾದ ರಂಧ್ರಗಳನ್ನು ಮುಚ್ಚುವವರಿಲ್ಲದ್ದರಿಂದ ಅಂಥ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸುವುದು ಅಪಾಯಕರ. ಜೋಡಿಸದೆ, ಪಾಠಗಳನ್ನು ಬೆರಳಚ್ಚಿಸಲು, ಪದಸೂಚಿಯನ್ನು ಹುಡುಕಲು ಬಳಸುವುದಕ್ಕೆ ಅಡ್ಡಿಯಿಲ್ಲ.

ಕೊನೆಯದಾಗಿ ಪ್ರಯೋಗಕ್ಕೆ ಸಂಬಂಧಿಸಿದ ಎರಡು ಮಾತುಗಳಿವೆ. ಯಂತ್ರದಲ್ಲಿ ೩೨ ಬಿಟ್ಟಿನ ವ್ಯವಸ್ಥೆಯಿದ್ದ ಮಾತ್ರಕ್ಕೆ ಪ್ರೊಸೆಸರೂ ೩೨ ಬಿಟ್ಟಿನದೆಂದು ನಿರ್ಣಯಿಸಕೂಡದು. ಎಎಂಡಿ ಸಂಸ್ಥೆಯು ೨೦೦೩ರಲ್ಲಿ ೬೪ ಬಿಟ್ಟಿನ ಮಾರ್ಗವನ್ನು ತೆರೆಯಿತು, ಇಂಟೆಲ್ ಸಹ ಬೇಗನೆ ಅದನ್ನು ಅನುಸರಿಸಿತು. ೨೦೦೬ರಿಂದೀಚೆಗಿನ ಮೇಜಿನ ಯಂತ್ರಗಳಲ್ಲಿ ಬಹುಭಾಗವು ೬೪ ಬಿಟ್ಟಿನ ಪ್ರೊಸೆಸರುಗಳನ್ನೇ ಹೊಂದಿದ್ದು, ಅವುಗಳ ಮೇಲೆ ೩೨ ಬಿಟ್ಟಿನ ವ್ಯವಸ್ಥೆಯನ್ನು ಹಾಕಿದ್ದು ಅನೇಕ ಕಡೆ ಬರಿಯ ರೂಢಿಯಿಂದ. ಲಿನಕ್ಸಿನಲ್ಲಿ ‘ಎಲ್‌ಎಸ್‌ಸಿಪಿಯು’ ಎಂಬ ಆಜ್ಞೆಯನ್ನು ಕೊಟ್ಟಾಗ ಬರುವ ಗುಣಗಳ ಪಟ್ಟಿಯಲ್ಲಿ ‘ಎಲ್‌ಎಂ’ ಎಂಬ ಎರಡಕ್ಷರವಿದ್ದರೆ ಆ ಯಂತ್ರವು ೬೪ ಬಿಟ್ಟಿನದು, ಬಿಸಾಡತಕ್ಕದ್ದಲ್ಲ. ಇನ್ನೊಂದು, ಯೂನಿಕೋಡ್ ರೂಢಿಗೆ ಬರುವ ಮುಂಚೆ ನುಡಿ, ಬರಹ ಮೊದಲಾದವುಗಳ ಹಳೆಯ ಆವೃತ್ತಿಗಳಲ್ಲಿ ಬೆರಳಚ್ಚಿಸಿದ ಪಾಠಗಳಿಗೆ ಆಯಾ ಅಕ್ಷರವಿನ್ಯಾಸವೇ ಗತಿ. ಅದು ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಅಂಥ ಪಾಠಗಳುಳ್ಳ ಯಂತ್ರವನ್ನು ಅಟ್ಟಕ್ಕೇರಿಸುವ ಮೊದಲು, ಅದು ಇನ್ನೂ ಓಡುತ್ತಿರುವಾಗಲೇ, ಪಾಠಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಲೋಹಿತ್, ನವಿಲು, ಗುಬ್ಬಿ ಮುಂತಾದ ಮುಕ್ತ ಅಕ್ಷರವಿನ್ಯಾಸಗಳಲ್ಲಿ ಒಮ್ಮೆ ಓದಿ, ಱಕಾರ ೞಕಾರಗಳೂ ಅರ್ಕಾವೊತ್ತುಗಳೂ ತಮ್ಮ ಸ್ಥಾನದಲ್ಲಿ ಬಂದಿವೆಯೇ ಎಂದು ಮೂಲದೊಡನೆ ಹೋಲಿಸಿಕೊಳ್ಳತಕ್ಕದ್ದು. ಪರಿವರ್ತನೆಯಲ್ಲಿ ಮೊದಲು ತಪ್ಪುವುದು ಅವೇ.